ಸ್ಮಾರ್ಟ್-1 ಬಿದ್ದ ಜಾಗವನ್ನು ಕಾಫಿ ಕಣದಲ್ಲಿ ಕೂತು ಹುಡುಕುವುದು ಹೇಗೆ

ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ತೋಟ. ಆನೆ ಇಳಿದಿದೆಯಾ ಅಂತ ನೋಡಲು ತಂದ 10×50 ಬೈನಾಕ್ಯುಲರ್‌ನಲ್ಲೇ ನಾನು ಚಂದ್ರನನ್ನೂ ನೋಡುತ್ತೇನೆ. ಚಂದ್ರನ ಮೇಲೆ ಯುರೋಪಿನ ಸ್ಮಾರ್ಟ್-1 ನೌಕೆ ಬಿದ್ದ ಜಾಗ ಹುಡುಕಲು ಅದು ಸಾಕು.

ಮಳೆಗಾಲದಲ್ಲಿ ನಮ್ಮ ಕಡೆ ಚಂದ್ರ ಸಿಗುವುದೇ ಕಷ್ಟ. ವೈಕುಂಠ ಏಕಾದಶಿ ಬರಲಿ. ಏಕಾದಶಿಯ ದಿನ ಆ ಜಾಗ ಇನ್ನೂ ಕತ್ತಲಲ್ಲಿರುತ್ತದೆ. ದ್ವಾದಶಿಗೆ ಅಲ್ಲಿ ಬೆಳಗಾಗುತ್ತದೆ. ತ್ರಯೋದಶಿಗೆ ಒಳ್ಳೆ ಬೆಳಕು.

ಸಂಜೆ ಏಳಕ್ಕೆ ಪೂರ್ವಕ್ಕೆ ಮುಖ ಮಾಡಿ ಕೂರಿ. ನಿಂತು ಹಿಡಿದರೆ ಚಂದ್ರ ಕುಣಿಯುತ್ತಾನೆ. ನಾನು ಕಣದಲ್ಲಿ ಎರಡು ಕಾಫಿ ಮೂಟೆ ಒಂದರ ಮೇಲೊಂದು ಇಟ್ಟು ಒರಗುತ್ತೇನೆ. ಮೊಣಕೈ ಎರಡೂ ಮಂಡಿಯ ಮೇಲೆ. ಕೆಳಗಿನ ಸಿಮೆಂಟು ಇನ್ನೂ ಹಗಲಿನ ಬಿಸಿಲಿಗೆ ಬೆಚ್ಚಗಿರುತ್ತದೆ.

ಚಂದ್ರನ ಬಲಗಡೆ, ಸುತ್ತಲೂ ಬಿಳಿ ಗೆರೆ ಚೆಲ್ಲಿದ ಒಂದು ಚುಕ್ಕಿ ಕಾಣುತ್ತದೆ. ಅದು ಟೈಕೋ ಅನ್ನುವ ಕುಳಿ. ಅಲ್ಲಿಂದ ಕೆಳಗೆ, ಸ್ವಲ್ಪ ಎಡಕ್ಕೆ, ಕತ್ತಲಿನ ಅಂಚಿನ ಕಡೆ ಬನ್ನಿ. ಗುಂಡನೆಯ ಕಪ್ಪು ಕಲೆ ಸಿಗುತ್ತದೆ, ಹ್ಯೂಮೋರಂ. ಅದರ ಬಲ ಅಂಚು ದಾಟಿ ತುಸು ಕೆಳಗೆ ನೋಡಿ. ಕಲೆಯ ಅರ್ಧ ಅಗಲದಷ್ಟೂ ದೂರವಿಲ್ಲ. ಅಲ್ಲೇ.

ಯುರೋಪಿನ ಸ್ಮಾರ್ಟ್-1 ಅಲ್ಲಿ ಬಿದ್ದಿದ್ದು 2006ರ ಸೆಪ್ಟೆಂಬರ್ 3ರಂದು, ನಮ್ಮ ಸಮಯ ಬೆಳಿಗ್ಗೆ 11.12ಕ್ಕೆ, ಸೆಕೆಂಡಿಗೆ ಸುಮಾರು 2 ಕಿ.ಮೀ. ವೇಗದಲ್ಲಿ. ಮುಖ್ಯ ಎಂಜಿನ್ನಿನ ಇಂಧನ, ಕ್ಸೆನಾನ್ ಅನಿಲ, ಖಾಲಿಯಾಗಿತ್ತು. ಸುಮ್ನೆ ಬಿಟ್ಟಿದ್ದರೆ ಆಗಸ್ಟ್ ಮಧ್ಯದಲ್ಲೇ ಚಂದ್ರನ ಆಚೆ ಬದಿಗೆ ಬೀಳುತ್ತಿತ್ತು. ಯಾರಿಗೂ ಕಾಣುತ್ತಿರಲಿಲ್ಲ. ಅದಕ್ಕೇ ನೌಕೆಯ ಮುಖ ತಿರುಗಿಸಲು ಇಟ್ಟಿದ್ದ ಪುಟ್ಟ ಥ್ರಸ್ಟರ್‌ಗಳಿಂದಲೇ ಕಕ್ಷೆಯನ್ನು ಎತ್ತರಿಸಿ, ಈಚೆ ಬದಿಗೆ ಬೀಳುವ ಹಾಗೆ ಮಾಡಿದರು. ಬೀಳುವುದಂತೂ ಬೀಳುತ್ತದೆ, ನೋಡುವವರ ಕಣ್ಣೆದುರು ಬೀಳಲಿ ಅಂತ. ಆ ಜಾಗ ಸಿಕ್ಕಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಹವಾಯಿಯ ದೂರದರ್ಶಕಕ್ಕೆ ನೌಕೆ ಬಡಿದಾಗಿನ ಮಿಂಚು ಸಿಕ್ಕಿತು. ಇಲ್ಲಿ ಆಗ ಚಂದ್ರ ಹುಟ್ಟಿರಲಿಲ್ಲ.

ಬಿದ್ದ ಗುರುತು ಮಾತ್ರ ನಮಗೆ ಕಾಣುವುದಿಲ್ಲ. ಅದರ ಉದ್ದ 20 ಮೀಟರ್, ಅಗಲ 4 ಮೀಟರ್ ಅಷ್ಟೇ, ನಮ್ಮ ಕಣಕ್ಕಿಂತ ಚಿಕ್ಕದು. ಚಂದ್ರನನ್ನೇ ಸುತ್ತುತ್ತಿರುವ ಎಲ್‌ಆರ್‌ಒ ನೌಕೆಯ ಚಿತ್ರಗಳಲ್ಲಿ ಅದು ಪತ್ತೆಯಾಗಿದ್ದೇ 2017ರಲ್ಲಿ.

ಎಂಟರೊಳಗೆ ನೋಡಿ ಮುಗಿಸಿ. ಚಂದ್ರ ನೆತ್ತಿಗೆ ಬಂದರೆ ನಾನು ಹೇಳಿದ ಎಡ-ಬಲ ಎಲ್ಲ ತಿರುಗಿಹೋಗುತ್ತದೆ. ಇಬ್ಬನಿ ಕೂಡ ಶುರುವಾಗುತ್ತದೆ. ಲೆನ್ಸು ಮಸುಕಾದರೆ ಟವೆಲ್‌ನಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಒಳಗೆ ತಂದಿಡಿ, ತಾನಾಗಿ ಆರುತ್ತದೆ.