ಹಾಲು ಹುಯ್ಯೋಳ ಚಿತ್ರ ನೋಡೋದು ಹೆಂಗೆ: ಗೋಡೆಯಿಂದ ಶುರು ಮಾಡಿ

ಹದಿನೇಳನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ 'ಮಿಲ್ಕ್‌ಮೇಡ್' ಎಲ್ಲಾದ್ರೂ ಕಣ್ಣಿಗೆ ಬಿದ್ದೇ ಇರುತ್ತೆ, ಹಳದಿ ರವಿಕೆ ನೀಲಿ ಏಪ್ರನ್ ಹಾಕ್ಕೊಂಡ ಹೆಂಗಸು ಮಣ್ಣಿನ ಜಗ್ಗಿಂದ ಹಾಲು ಹುಯ್ತಾ ನಿಂತಿದಾಳಲ್ಲ, ಅದೇ. ಹಾಲು ಕರೆಯೋಳಲ್ಲ, ಅಡುಗೆಮನೆ ಕೆಲಸದೋಳು. ನಾನು ಮಂಡ್ಯ ಕಡೆಯವನು, ಎರಡು ಹೊತ್ತೂ ಡೈರಿಗೆ ಹಾಲು ಹಾಕೋ ಮನೆ, ಮೊದ್ಲು ನೋಡ್ದಾಗ ಇದ್ರಲ್ಲೇನು ದೊಡ್ಡಸ್ತಿಕೆ ಅನ್ಸಿತ್ತು. ನೋಡೋ ಕ್ರಮ ತಪ್ಪಾಗಿತ್ತು ಅಷ್ಟೆ.

ಮೊದ್ಲು ಒಳ್ಳೆ ಫೈಲ್ ತಗೊಳ್ಳಿ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನವರು (1908ರಿಂದ ಚಿತ್ರ ಅವರ ಹತ್ರಾನೇ ಇದೆ) ದೊಡ್ಡ ಸೈಜ್ ಇಮೇಜ್ ಫ್ರೀಯಾಗೇ ಹಾಕಿದಾರೆ, ವಾಟ್ಸಾಪಲ್ಲಿ ಬಂದಿದ್ದನ್ನ ಜೂಮ್ ಮಾಡ್ಬೇಡಿ, ಬರೀ ಮಸುಕು. ಅಸಲಿ ಚಿತ್ರ 45.5 ಸೆಂ.ಮೀ. ಎತ್ತರ, 41 ಅಗಲ ಅಷ್ಟೆ, ಅಂಗಡಿಯವರು ಕೊಡೋ ಕ್ಯಾಲೆಂಡರ್ ಲೆಕ್ಕ.

ಮುಖ ಬಿಟ್ಬಿಡಿ, ಹಾಲೂ ಬಿಟ್ಬಿಡಿ, ಹಿಂದಿನ ಗೋಡೆ ನೋಡಿ. ಬರೀ ಬಿಳಿ ಗೋಡೆ ಅನ್ಸುತ್ತೆ, ಜೂಮ್ ಮಾಡಿ: ಒಂದು ಮೊಳೆ, ಅದರ ನೆರಳು, ಕಿತ್ತ ಮೊಳೆಗಳ ತೂತು, ಕಲೆ. ಕಿಟಕಿಯಲ್ಲಿ ಒಂದು ಗಾಜು ಒಡ್ದಿದೆ. ಈ ಖಾಲಿ ಗೋಡೆ ಸುಮ್ನೆ ಬಂದಿದ್ದಲ್ಲ ಕಣ್ರೀ. 2022ರಲ್ಲಿ ಸ್ಕ್ಯಾನ್ ಮಾಡಿ ನೋಡಿದ್ರೆ ಬಣ್ಣದ ಕೆಳಗಡೆ ಗೋಡೆ ಮೇಲೆ ಜಗ್ ನೇತಾಕೋ ಹಲಗೆ, ನೆಲದ ಮೇಲೆ ಕೆಂಡ ಇಟ್ಟು ಮಗು ಬಟ್ಟೆ ಒಣಗಿಸೋ ಥರದ ಬುಟ್ಟಿ ಸಿಕ್ತು, ನಮ್ ಕಡೆ ಬಾಣಂತನದಲ್ಲಿ ಸಾಂಬ್ರಾಣಿ ಹಾಕಕ್ಕೆ ಬುಟ್ಟಿ ಮುಚ್ತಾರಲ್ಲ, ಅದರ ದಾಯಾದಿ ಅನ್ಕೊಳ್ಳಿ. ವರ್ಮೀರ್ ಎರಡನ್ನೂ ಬರೆಯಕ್ಕೆ ಹೊರಟು ಆಮೇಲೆ ಮುಚ್ಚಿಬಿಟ್ಟವ್ನೆ. ಹನ್ನೊಂದು ಮಕ್ಕಳಿದ್ದ ಮನೆಯವನು, ಅಂಥ ಸಾಮಾನು ಕಣ್ಣೆದುರೇ ಇದ್ದಿರುತ್ತೆ, ಆದ್ರೂ ತೆಗೆದ. ನನಗೆ ಚಿತ್ರದ ಗುಟ್ಟೆಲ್ಲ ಈ ತೆಗೆಯೋದ್ರಲ್ಲೇ ಕಾಣೋದು.

ಈಗ ಅವಳ ಅಂಚು ನೋಡಿ. ಬೆಳಕು ಎಡಗಡೆ ಕಿಟಕಿಯಿಂದ ಬರುತ್ತೆ, ಅವಳ ಬೆಳಕಿರೋ ಮಗ್ಗುಲಿನ ಹಿಂದೆ ಗೋಡೆ ಮಬ್ಬು, ನೆರಳಿನ ಮಗ್ಗುಲಿನ ಹಿಂದೆ ಗೋಡೆ ಬೆಳ್ಳಗೆ, ಅದ್ಕೇ ಅವಳು ಎದ್ದು ಮುಂದಕ್ಕೆ ಬಂದಂಗೆ ಕಾಣೋದು. ಬಲಗಡೆ ಅಂಚಿಗೆ ಸಣ್ಣ ಬಿಳಿ ಗೆರೆನೂ ಎಳೆದಿದಾನೆ. ಹಲಗೆ ಅಲ್ಲೇ ಇದ್ದಿದ್ರೆ ಇದ್ಯಾವುದೂ ಗೊತ್ತಾಗ್ತಿರಲಿಲ್ಲ.

ಬಲಗೈ ಮೇಲ್ಗಡೆ ಕ್ಯಾನ್ವಾಸಲ್ಲಿ ಪಿನ್ ಚುಚ್ಚಿದ ಗುರುತು ಸಿಕ್ಕಿದೆ. ಗಾರೆಯವರು ಬಣ್ಣ ಹಚ್ಚಿದ ದಾರ ಹಿಡಿದು ಗೆರೆ ಹೊಡೀತಾರಲ್ಲ ಅದೇ ಲೆಕ್ಕ, ಪಿನ್ನಿಗೆ ಸೀಮೆಸುಣ್ಣದ ದಾರ ಕಟ್ಟಿ ಕಿಟಕಿ ಗೆರೆಗಳನ್ನ ಸರಿ ಮಾಡ್ಕೊಂಡಿರೋದು. ಗೆರೆ ಹಿಡ್ಕೊಂಡು ಹೋದ್ರೆ ಕಣ್ಣು ಬಂದು ನಿಲ್ಲೋದು ಕೈ ಹತ್ರ, ಅಲ್ಲಿಂದ ಹಾಲಿಗೆ. ಈಗ ನೋಡಿ ಹಾಲನ್ನ, ಎಷ್ಟು ಸಣ್ಣ ಎಳೆ! ನಮ್ಮವ್ವ ನೋಡಿ "ಇವ್ಳು ಅಳತೆ ಗೊತ್ತಿರೋಳು ಕಣ್ಲಾ" ಅಂದ್ಲು. ಮುಂಗೈ ಬಿಸಿಲು ತಿಂದು ಕಂದಿದೆ, ತೋಳು ಮಡ್ಚಿರೋ ಕಡೆ ಬೆಳ್ಳಗಿದೆ, ಅದೂ ಗಮನಿಸಿ.

ಬಣ್ಣದ ಮಾತು ಬೇಗ ಮುಗಿಸ್ತೀನಿ. ಏಪ್ರನ್ನಿನ ನೀಲಿ ಅಫ್ಘಾನಿಸ್ತಾನದ ಕಡೆಯಿಂದ ಬರ್ತಿದ್ದ ಲಾಪಿಸ್ ಲಾಜುಲಿ ಕಲ್ಲು ಅರೆದು ಮಾಡಿದ್ದು, ಸಿಕ್ಕಾಪಟ್ಟೆ ದುಬಾರಿ, ಅದನ್ನ ಕೆಲಸದೋಳ ಏಪ್ರನ್ನಿಗೆ ಬಳಿದವ್ನೆ. ಬ್ರೆಡ್ ಮೇಲೆ ಎಳ್ಳು ಉದುರ್ಸಿದಂಗೆ ಬೆಳಕಿನ ಚುಕ್ಕಿ. ತಮಾಷೆ ಏನಂದ್ರೆ ಇಷ್ಟು ಚೆನ್ನಾಗಿ ಬ್ರೆಡ್ ಬರೆದೋನು 1675ರಲ್ಲಿ ಸತ್ತಾಗ ಬೇಕರಿ ಸಾಲ 600 ಗಿಲ್ಡರ್ (ಆಗಿನ ಡಚ್ ದುಡ್ಡು) ದಾಟಿತ್ತು, ಹೆಂಡ್ತಿ ಎರಡು ಚಿತ್ರ ಬೇಕರಿಯವನ ಕೈಗೆ ಕೊಟ್ಟಳು. ಈ ಚಿತ್ರ 1696ರ ಹರಾಜಲ್ಲಿ 175 ಗಿಲ್ಡರ್‌ಗೆ ಹೋಯ್ತು.

ಮೈಸೂರಿಗೆ ಹೋದ್ರೆ ಜಗನ್ಮೋಹನ ಅರಮನೆಯಲ್ಲಿ ಹಲ್ದಂಕರ್ ಬರೆದ ದೀಪ ಹಿಡಿದ ಹೆಂಗಸಿನ ಮುಂದೆ ಇದೇ ಕ್ರಮ ಪ್ರಯೋಗ ಮಾಡಿ. ಅದು ಜಲವರ್ಣ, ಬೆಳಕು ಅವಳ ಕೈಯಲ್ಲೇ ಇದೆ, ಬೆರಳ ಸಂದಿ ಕೆಂಪಾಗಿದೆ, ಸುತ್ತ ಏನೇನೂ ಇಟ್ಟಿಲ್ಲ.

ಕೊನೇದು, ಬೆಳಿಗ್ಗೆ ಕಿಟಕಿ ಬೆಳಕು ಬರೋ ಹೊತ್ತಿಗೆ ಮನೇಲಿ ಯಾರಿಗಾದ್ರೂ ಹಾಲು ಹುಯ್ಯಕ್ಕೆ ಹೇಳಿ ಒಂದು ಫೋಟೋ ತೆಗೀರಿ, ಆಮೇಲೆ ಹಿಂದಿನ ಗೋಡೆಯಿಂದ ಒಂದೊಂದೇ ಸಾಮಾನು ಇಳಿಸಿ ಮತ್ತೆ ಮತ್ತೆ ತೆಗೀರಿ, ವ್ಯತ್ಯಾಸ ನಿಮಗೇ ಕಾಣುತ್ತೆ. ನಾನು ಸ್ಟ್ಯಾಂಡು, ಸೌಟು, ಜರಡಿ ಎಲ್ಲಾ ಇಳಿಸಿದೆ, ಅವ್ವ ಸುಮ್ನಿದ್ಲು. ಕ್ಯಾಲೆಂಡರಿಗೆ ಕೈ ಹಾಕಿದ ತಕ್ಷಣ ಹಾಲಿನ ಪಾತ್ರೆ ಕೆಳಗಿಟ್ಟು, "ಅದ್ರಲ್ಲಿ ಡೈರಿ ಲೆಕ್ಕ ಬರ್ದಿದೀನಿ, ಮುಟ್ಟಬ್ಯಾಡ" ಅಂದ್ಲು. ನಮ್ಮ ಚಿತ್ರದಲ್ಲಿ ಕ್ಯಾಲೆಂಡರ್ ಇದೆ.