ಆರ್ಥೊ ಎಂಡಿಎಸ್ ಸೀಟು: ಚಾಯ್ಸ್ ಲಿಸ್ಟ್ ತುಂಬುವ ಮೊದಲು ಡಿಪಾರ್ಟ್‌ಮೆಂಟ್ ನೋಡಿ ಬನ್ನಿ

ದಂತವೈದ್ಯ ಪದವಿ ಬಿಡಿಎಸ್ ಮುಗಿಸಿ, ಹಲ್ಲಿನ ಸಾಲು ಸರಿಪಡಿಸುವ ಆರ್ಥೊಡಾಂಟಿಕ್ಸ್‌ನಲ್ಲೇ ಸ್ನಾತಕೋತ್ತರ ಪದವಿ ಎಂಡಿಎಸ್ ಮಾಡಬೇಕು ಅಂತಿರುವವರಿಗೆ ಇದು. ಅದರ ಪ್ರವೇಶ ಪರೀಕ್ಷೆ ನೀಟ್‌ಗೆ ಹೇಗೆ ಓದಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ರ‍್ಯಾಂಕ್ ಬಂದ ಮೇಲೆ ಏನು ಮಾಡಬೇಕು ಅಂತ ಕೂರಿಸಿಕೊಂಡು ಹೇಳುವವರು ಕಡಿಮೆ. ಒಳ್ಳೆಯ ರ‍್ಯಾಂಕ್ ಇದ್ದವರೂ ಎಡವುವುದು ಅಲ್ಲೇ.

ಪರೀಕ್ಷೆ ಬಗ್ಗೆ ಎರಡೇ ಮಾತು. ನೀಟ್ ಎಂಡಿಎಸ್‌ನಲ್ಲಿ 240 ಪ್ರಶ್ನೆ, 960 ಅಂಕ. ಸರಿ ಉತ್ತರಕ್ಕೆ 4 ಕೊಡುತ್ತಾರೆ, ತಪ್ಪಿಗೆ 1 ಕಳೆಯುತ್ತಾರೆ. ಆರ್ಥೊ ಇಷ್ಟ ಅಂತ ಆರ್ಥೊ ಪುಸ್ತಕವನ್ನೇ ಹಿಡಿದು ಕೂತರೆ ಆರ್ಥೊ ಸೀಟು ಸಿಗುವುದಿಲ್ಲ, ಯಾಕೆಂದರೆ 100 ಪ್ರಶ್ನೆಗಳ ಎ ಭಾಗದಲ್ಲಿ ಅನಾಟಮಿ, ಫಿಸಿಯಾಲಜಿ, ಫಾರ್ಮಕಾಲಜಿಯಂಥ ಮೂಲ ವಿಷಯಗಳೇ ಇರುತ್ತವೆ. ದೆಹಲಿ ಏಮ್ಸ್, ಚಂಡೀಗಢ ಪಿಜಿಐ ಬೇಕಿದ್ದರೆ ಐಎನ್ಐ-ಸಿಇಟಿ ಅಂತ ಬೇರೆ ಪರೀಕ್ಷೆ. ಅದು ವರ್ಷಕ್ಕೆ ಎರಡು ಸಲ ನಡೆಯುತ್ತದೆ.

ಕೌನ್ಸೆಲಿಂಗ್‌ಗೆ ಎರಡು ಬಾಗಿಲು, ಎರಡಕ್ಕೂ ಬೇರೆ ಬೇರೆ ಅರ್ಜಿ. ಸರ್ಕಾರಿ ಕಾಲೇಜುಗಳ ಶೇಕಡ 50ರಷ್ಟು ಅಖಿಲ ಭಾರತ ಕೋಟಾ ಸೀಟುಗಳು ಮತ್ತು ಎಲ್ಲಾ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳು ಕೇಂದ್ರದ ಕೌನ್ಸೆಲಿಂಗ್ ಸಮಿತಿ ಎಂಸಿಸಿ ಕೈಯಲ್ಲಿವೆ. ಮಣಿಪಾಲ, ದೇರಳಕಟ್ಟೆಯ ನಿಟ್ಟೆ ಮತ್ತು ಯೆನೆಪೋಯ, ಮೈಸೂರಿನ ಜೆಎಸ್ಎಸ್, ಬೆಳಗಾವಿಯ ಕೆಎಲ್ಇ ಎಲ್ಲಾ ಅಲ್ಲೇ ಬರುತ್ತವೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನ ರಾಜ್ಯದ ಪಾಲು, ದಾವಣಗೆರೆಯ ಬಾಪೂಜಿ, ವಿರಾಜಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್‌ನಂಥ ಕಾಲೇಜುಗಳಿಗೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಮೂಲಕವೇ ಹೋಗಬೇಕು. "ನೀಟ್ ಬರೆದಿದ್ದೇನಲ್ಲ, ತಾನಾಗಿ ಲಿಸ್ಟಿನಲ್ಲಿ ಬರುತ್ತದೆ" ಅಂತ ಸುಮ್ನೆ ಕೂರಬೇಡಿ.

ಜಾತಿ ಸರ್ಟಿಫಿಕೇಟಿನ ವಿಷಯ ಇವತ್ತೇ ನೋಡಿಕೊಳ್ಳಿ. ಕೆಇಎಗೆ ನಡೆಯುವ 2ಎ, 3ಬಿ ಪ್ರಮಾಣಪತ್ರ ಎಂಸಿಸಿಗೆ ನಡೆಯುವುದಿಲ್ಲ. ಅಲ್ಲಿ ಕೇಂದ್ರದ ನಮೂನೆಯ ಒಬಿಸಿ ನಾನ್-ಕ್ರೀಮಿ ಲೇಯರ್ ಪತ್ರವೇ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಕೆಲವು ಸಮುದಾಯಗಳು ಕೇಂದ್ರದ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಕಲ್ಯಾಣ ಕರ್ನಾಟಕದವರು 371ಜೆ ಮೀಸಲಾತಿ ಪತ್ರವನ್ನೂ ತೆಗೆದಿಡಿ. ನಾಡಕಚೇರಿ ಓಡಾಟಕ್ಕೆ ಎಷ್ಟು ದಿನ ಹಿಡಿಯುತ್ತದೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ, ಕೌನ್ಸೆಲಿಂಗ್ ವೇಳಾಪಟ್ಟಿ ಅದಕ್ಕಾಗಿ ಕಾಯುವುದಿಲ್ಲ.

ಇನ್ನು ಕಾಲೇಜಿನ ಆಯ್ಕೆ. ಹೋದ ವರ್ಷದ ಅಲಾಟ್‌ಮೆಂಟ್ ಪಿಡಿಎಫ್‌ಗಳನ್ನು ಇಳಿಸಿಕೊಳ್ಳಿ. ಆರ್ಥೊ ಸೀಟು ಯಾವ ಕಾಲೇಜಿನಲ್ಲಿ, ನಿಮ್ಮ ಕೆಟಗರಿಯಲ್ಲಿ, ಯಾವ ಸುತ್ತಿನಲ್ಲಿ, ಎಷ್ಟನೇ ರ‍್ಯಾಂಕಿಗೆ ನಿಂತಿತು ಅಂತ ಬರೆದುಕೊಳ್ಳಿ. ಯಾರೋ ಏಜೆಂಟ್ ಫೋನಿನಲ್ಲಿ ಹೇಳುವ ಅಂದಾಜಿಗಿಂತ ಇದು ಎಷ್ಟೋ ವಾಸಿ. ಹೀಗೆ ಕೈಗೆಟುಕುವ ಕಾಲೇಜುಗಳು ಯಾವುವು ಅಂತ ಗೊತ್ತಾದ ಮೇಲೆ ದಯವಿಟ್ಟು ಅಲ್ಲಿಗೆ ಹೋಗಿ ಬನ್ನಿ. ವಾರದ ನಡುವೆ, ಬೆಳಿಗ್ಗೆ ಹತ್ತರ ಹೊತ್ತಿಗೆ.

ಯಾಕೆ ಅಂದರೆ, ಒಂದು ಬ್ರೇಸಸ್ ಕೇಸ್ ಮುಗಿಯಲು ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಹಿಡಿಯುತ್ತದೆ, ಕೋರ್ಸ್ ಇರುವುದು ಮೂರೇ ವರ್ಷ, ಅದರಲ್ಲೂ ಮೊದಲ ತಿಂಗಳುಗಳು ವೈರ್ ಬೆಂಡಿಂಗ್, ಟೈಪೊಡಾಂಟ್ (ಮಾದರಿ ಹಲ್ಲುಗಳ ಮೇಲಿನ ಅಭ್ಯಾಸ), ಸೆಫಲೊಮೆಟ್ರಿಕ್ ಟ್ರೇಸಿಂಗ್ (ತಲೆಯ ಎಕ್ಸ್‌ರೇ ಮೇಲೆ ಗೆರೆ ಎಳೆದು ಅಳೆಯುವುದು) ಅಂತ ಕಳೆದುಹೋಗುತ್ತವೆ. ಮೊದಲ ವರ್ಷವೇ ರೋಗಿಗಳು ಸಿಗದಿದ್ದರೆ ನೀವೇ ಶುರು ಮಾಡಿದ ಕೇಸನ್ನು ನೀವೇ ಮುಗಿಸುವ ಅವಕಾಶ ತಪ್ಪುತ್ತದೆ. ಆರ್ಥೊದಲ್ಲಿ ಕಷ್ಟದ ಭಾಗ ಫಿನಿಶಿಂಗೇ. ಹಲ್ಲಿಗೆ ಬ್ರಾಕೆಟ್ ಅಂಟಿಸುವುದನ್ನು ಯಾರು ಬೇಕಾದರೂ ಬೇಗ ಕಲಿಯುತ್ತಾರೆ, ಕೊನೆಯ ಎರಡು ಮಿಲಿಮೀಟರ್ ಸರಿಮಾಡುವುದು ಕೇಸ್ ಮುಗಿಸಿ ಮುಗಿಸಿಯೇ ಬರುವ ವಿದ್ಯೆ.

ಹಾಗಾಗಿ ಎರಡನೇ ವರ್ಷದ ಪಿಜಿ ವಿದ್ಯಾರ್ಥಿ ಒಬ್ಬರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ನೇರವಾಗಿ ಕೇಳಿ: "ನಿಮ್ಮ ಮೊದಲ ಕೇಸ್ ಯಾವಾಗ ಶುರುವಾಯಿತು? ಡಿಬಾಂಡ್ (ಬ್ರೇಸಸ್ ಬಿಚ್ಚುವುದು) ಹತ್ತಿರ ಬಂದಿದೆಯಾ?" ಪಠ್ಯಕ್ರಮದ ಪ್ರಕಾರ ಕನಿಷ್ಠ 50 ಸ್ವಂತ ಕೇಸು, ಇನ್ನೊಬ್ಬರು ಶುರು ಮಾಡಿ ಬಿಟ್ಟ 20 ವರ್ಗಾವಣೆ ಕೇಸು ನೋಡಬೇಕು. ಅದು ರಿಜಿಸ್ಟರಿನಲ್ಲಿ ಮಾತ್ರ ಇದೆಯೋ, ಚೇರಿನ ಮೇಲೂ ಇದೆಯೋ ಅನ್ನುವುದು ಅವರ ಉತ್ತರದ ಧಾಟಿಯಲ್ಲೇ ತಿಳಿಯುತ್ತದೆ. ಸೀಳುತುಟಿ ಮಕ್ಕಳು ಬರುತ್ತಾರಾ, ಓರಲ್ ಸರ್ಜರಿಯವರ ಜೊತೆ ಸೇರಿ ದವಡೆ ಸರ್ಜರಿ ಕೇಸುಗಳನ್ನು ಮಾಡುತ್ತಾರಾ, ಅದನ್ನೂ ಕೇಳಿ. ಬ್ರಾಕೆಟ್, ಪ್ಲಯರ್ ಎಲ್ಲಾ ಯಾರ ದುಡ್ಡಿನಲ್ಲಿ ಅಂತಲೂ ಕೇಳಿ, ಸಂಕೋಚ ಬೇಡ. ಫೀಸಿನ ಪಟ್ಟಿಯಲ್ಲಿ ಇದು ಕಾಣುವುದಿಲ್ಲ, ಮನೆಯವರ ಜೇಬಿಗೆ ಮಾತ್ರ ಜೋರಾಗಿಯೇ ಬೀಳುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ: ಹೆಸರು ದೊಡ್ಡದಿದ್ದು ಚೇರು ಖಾಲಿ ಇರುವ ಕಾಲೇಜಿಗಿಂತ, ಸಣ್ಣ ಊರಲ್ಲಿದ್ದರೂ ಬೆಳಿಗ್ಗೆಯಿಂದ ರೋಗಿಗಳು ಸಾಲುಗಟ್ಟಿರುವ ಕಾಲೇಜು ಮೇಲು.

ಚಾಯ್ಸ್ ತುಂಬುವಾಗ "ಸಿಗಬಹುದು" ಅನ್ನುವ ಲೆಕ್ಕದಲ್ಲಿ ಜೋಡಿಸಬೇಡಿ, ನಿಜವಾಗಿ ಬೇಕಾದ ಕ್ರಮದಲ್ಲೇ ಜೋಡಿಸಿ. ಮೇಲೆ ಕಷ್ಟದ ಕಾಲೇಜು ಹಾಕಿದರೆ ಕೆಳಗಿನದು ಕೈತಪ್ಪುವುದಿಲ್ಲ. ಆದರೆ ಸಿಕ್ಕರೂ ಸೇರುವುದಿಲ್ಲ ಅನ್ನುವ ಕಾಲೇಜನ್ನು ಹಾಕಲೇಬೇಡಿ. ಎಂಸಿಸಿಯಲ್ಲಿ ಡೀಮ್ಡ್ ಸೀಟಿಗೆ ಕಟ್ಟುವ ಠೇವಣಿ ಎರಡು ಲಕ್ಷ ರೂಪಾಯಿ. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಬಿಟ್ಟರೆ ತೊಂದರೆಯಿಲ್ಲ, ಮುಂದಿನ ಸುತ್ತುಗಳಲ್ಲಿ ಬಿಟ್ಟರೆ ಆ ದುಡ್ಡು ಹೋಗುತ್ತದೆ. ಸೀಟು ಬಂದ ಮೇಲೆ ರಿಪೋರ್ಟ್ ಮಾಡಲು ಕೊನೆ ದಿನದವರೆಗೆ ಕಾಯಬೇಡಿ. ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುತ್ತದೆ, ಹೊರಡುವ ಮೊದಲೇ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಎರಡು ಸೆಟ್ ಜೆರಾಕ್ಸ್ ಮನೆಯಲ್ಲಿಡಿ.