ಕಿಂಗ್ಸ್ ಸರ್ಕಲ್‌ನಿಂದ ಹೊರಟು ಮರಳಿ ಕಾಫಿಗೆ: ಗೆಳೆಯರ ಸೈಕಲ್ ಸವಾರಿಯನ್ನು ಕಟ್ಟುವ ಬಗೆ

ಭಾನುವಾರ ಬೆಳಗ್ಗೆ ಐದೂಕಾಲರ ಹೊತ್ತಿಗೆ ಮಾಟುಂಗಾದ ಕಿಂಗ್ಸ್ ಸರ್ಕಲ್‌ನಲ್ಲಿ, ಮಹೇಶ್ವರಿ ಉದ್ಯಾನದ ಬೇಲಿಗೆ ಸೈಕಲ್ ಒರಗಿಸಿಕೊಂಡು ನಿಲ್ಲುವ ಏಳೆಂಟು ಮಂದಿಯ ಗುಂಪು ನಮ್ಮದು. ಒಬ್ಬರು ಮುಲುಂಡ್‌ನಿಂದ ಬರುತ್ತಾರೆ, ಇಬ್ಬರು ಚೆಂಬೂರಿನಿಂದ, ಉಳಿದವರು ಘಾಟ್‌ಕೋಪರ್ ಮತ್ತು ಸಯನ್ ಕಡೆಯವರು. ವಯಸ್ಸು ಇಪ್ಪತ್ತೆರಡರಿಂದ ಅರವತ್ತೊಂದರವರೆಗೆ ಇದೆ. ಇಂಥದೊಂದು ಗುಂಪನ್ನು ನಮ್ಮ ಬಡಾವಣೆಯಲ್ಲೂ ಕಟ್ಟುವುದು ಹೇಗೆಂದು ಮುಂಬಯಿಯ ಕನ್ನಡಿಗ ಗೆಳೆಯರು ಆಗಾಗ ಕೇಳುವುದರಿಂದ, ನಾವು ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ತೀರ್ಮಾನವಾಗಬೇಕಾದದ್ದು ವೇಗ. ಗುಂಪಿನ ವೇಗವೆಂದರೆ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ತುಳಿಯುವವರ ವೇಗ. ಇದನ್ನು ಒಪ್ಪದವರು ತಮ್ಮ ಪಾಡಿಗೆ ತಾವು ವೇಗವಾಗಿ ಹೋಗುವುದೇ ಒಳ್ಳೆಯದು. ಈ ಮಾತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಮ್ಮ ಮೂರನೆಯ ಸವಾರಿಯಲ್ಲಿ ಪೆಡರ್ ರೋಡಿನ ಏರಿನಲ್ಲಿ ನಾವೆಲ್ಲ ಹುಮ್ಮಸ್ಸಿನಿಂದ ಮುಂದೆ ಹೋದೆವು, ಹಾಜಿ ಅಲಿಗೆ ಇಳಿದು ನಿಂತು ತಿರುಗಿ ನೋಡಿದಾಗ ಗುಂಪಿನ ಹಿರಿಯರೊಬ್ಬರು ಕಾಣಲಿಲ್ಲ. ಅವರ ಹಿಂದಿನ ಚಕ್ರ ಪಂಕ್ಚರ್ ಆಗಿತ್ತು; ಪಂಪು, ಟ್ಯೂಬು ಎಲ್ಲವೂ ನಮ್ಮಲ್ಲೊಬ್ಬನ ಬೆನ್ನಚೀಲದಲ್ಲಿ ಮುಂದೆ ಹೋಗಿತ್ತು. ಅವರು ಏನೂ ಅನ್ನಲಿಲ್ಲ, ಆದರೆ ಮುಂದಿನ ಎರಡು ಭಾನುವಾರ ಬರಲೂ ಇಲ್ಲ. ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಕರೆತಂದೆ. ಅಂದಿನಿಂದ ದಾರಿ ಚೆನ್ನಾಗಿ ಬಲ್ಲ ಒಬ್ಬರು ಮುಂದೆ, ರಿಪೇರಿ ಬಲ್ಲ ಒಬ್ಬರು ಎಲ್ಲರಿಗಿಂತ ಹಿಂದೆ ಎಂಬ ಪದ್ಧತಿ ಬಂದಿತು. ಸೈಕಲ್ ಬಳಗಗಳಲ್ಲಿ ಇವರನ್ನು ಲೀಡ್ ಮತ್ತು ಸ್ವೀಪ್ ಎಂದು ಕರೆಯುತ್ತಾರೆ. ಪಂಪು, ಎರಡು ಅಳತೆಯ ಟ್ಯೂಬು, ಟೈರ್ ಕಳಚುವ ಪ್ಲಾಸ್ಟಿಕ್ ಸನ್ನೆಗೋಲು, ಅಲೆನ್ ಕೀ, ಪ್ಯಾಚು ಮತ್ತು ಸಲ್ಯೂಷನ್ ಯಾವಾಗಲೂ ಹಿಂದಿನವರ ಬಳಿಯೇ ಇರಬೇಕು, ಏಕೆಂದರೆ ತೊಂದರೆಯಾದವರನ್ನು ತಲುಪುವವರು ಅವರೇ. ಏರಿನ ತುದಿ, ದೊಡ್ಡ ಸಿಗ್ನಲ್ ಮತ್ತು ತಿರುವು ಬಂದಾಗಲೆಲ್ಲ ಮುಂದಿನವರು ನಿಲ್ಲಬೇಕು. ಕೊನೆಯವರು ಬಂದು ಸೇರಿದ ಕೂಡಲೇ ಹೊರಟುಬಿಡದೆ ಅವರಿಗೂ ಎರಡು ನಿಮಿಷ ಉಸಿರಾಡಲು ಬಿಡಬೇಕು. ಮುಂದಿನವರೆಲ್ಲ ದಣಿವಾರಿಸಿಕೊಂಡು, ದಣಿದು ಬಂದವರಿಗೆ ಮಾತ್ರ ವಿರಾಮವಿಲ್ಲದಂತೆ ಮಾಡುವುದು ಅನೇಕ ಗುಂಪುಗಳಲ್ಲಿ ತಿಳಿಯದೆಯೇ ನಡೆಯುವ ಅನ್ಯಾಯ.

ದಾರಿಯನ್ನು ಆರಿಸುವಾಗ ಮುಂಬಯಿಯಲ್ಲಿ ಸೈಕಲ್ಲಿಗೆ ಎಲ್ಲೆಲ್ಲಿ ಪ್ರವೇಶವಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಬಾಂದ್ರಾ–ವರ್ಲಿ ಸೀ ಲಿಂಕ್, ಕೋಸ್ಟಲ್ ರೋಡ್ ಮತ್ತು ಈಸ್ಟರ್ನ್ ಫ್ರೀವೇ ಮೂರೂ ನಮಗೆ ಮುಚ್ಚಿದ ಬಾಗಿಲುಗಳು. ಜೆ.ಜೆ. ಮೇಲ್ಸೇತುವೆಯ ಮೇಲೆ ದ್ವಿಚಕ್ರ ವಾಹನಗಳಿಗೇ ನಿಷೇಧವಿರುವುದರಿಂದ ಅದರ ಕೆಳಗಿನ ಮೊಹಮ್ಮದ್ ಅಲಿ ರಸ್ತೆಯಲ್ಲಿ ಹೋಗಬೇಕು; ರಂಜಾನ್ ತಿಂಗಳಲ್ಲಿ ಆ ರಸ್ತೆ ಬೆಳಗಿನ ಜಾವದವರೆಗೂ ತುಂಬಿರುತ್ತದೆ, ಆಗ ಬೇರೆ ದಾರಿ ಹಿಡಿಯುವುದು ಎಲ್ಲರಿಗೂ ಹಿತ. ನಮ್ಮ ಮಾಮೂಲಿ ಸುತ್ತು ಹೀಗಿದೆ: ಕಿಂಗ್ಸ್ ಸರ್ಕಲ್‌ನಿಂದ ಅಂಬೇಡ್ಕರ್ ರಸ್ತೆ ಹಿಡಿದು ದಾದರ್ ಟಿ.ಟಿ., ಪರೇಲ್, ಲಾಲ್‌ಬಾಗ್, ಭಾಯಖಳಾ ದಾಟಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್. ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾ, ನರೀಮನ್ ಪಾಯಿಂಟ್. ಮರೀನ್ ಡ್ರೈವ್‌ನ ಸುಮಾರು ಮೂರೂವರೆ ಕಿಲೋಮೀಟರ್ ಮುಗಿಸಿ ಚೌಪಾಟಿ, ಕೆಂಪ್ಸ್ ಕಾರ್ನರ್, ಪೆಡರ್ ರೋಡ್, ಹಾಜಿ ಅಲಿ. ಆಮೇಲೆ ವರ್ಲಿ ಸೀ ಫೇಸ್, ಸಿದ್ಧಿವಿನಾಯಕ, ಶಿವಾಜಿ ಪಾರ್ಕ್ ಮೂಲಕ ಮತ್ತೆ ಮಾಟುಂಗಾ. ಎಲ್ಲ ಸೇರಿ ಮೂವತ್ತರಿಂದ ಮೂವತ್ತೈದು ಕಿಲೋಮೀಟರ್ ಆಗುತ್ತದೆ. ಗಂಟೆಗೆ ಹದಿನೈದು ಕಿಲೋಮೀಟರಿನಂತೆ ತುಳಿದು ಅಲ್ಲಲ್ಲಿ ನಿಂತರೂ ಐದೂವರೆಗೆ ಹೊರಟವರು ಎಂಟೂಕಾಲರ ಒಳಗೆ ಮರಳಬಹುದು. ಹೊಸಬರಿದ್ದರೆ ಮೊದಲ ಒಂದೆರಡು ವಾರ ಫೈವ್ ಗಾರ್ಡನ್ಸ್ ಸುತ್ತಲಿನ ಮರಗಳ ನೆರಳಿನ ರಸ್ತೆಗಳಲ್ಲೇ ಅಭ್ಯಾಸ ಮಾಡಿಸುವುದು ಉತ್ತಮ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗುವುದು, ಕೈ ಸನ್ನೆ ಮಾಡುವುದು, ಹಠಾತ್ತನೆ ಬ್ರೇಕ್ ಒತ್ತದಿರುವುದು ಅಲ್ಲಿಯೇ ಕೈಗೂಡಲಿ.

ರಸ್ತೆಯ ಮೇಲೆ ನಾವು ಕಾಣುವ ಅಪಾಯಗಳು ಹೆಚ್ಚಾಗಿ ಸಣ್ಣವು ಮತ್ತು ಪ್ರತಿವಾರದವು. ನಿಂತ ಟ್ಯಾಕ್ಸಿಯ ಬಾಗಿಲು ಯಾವ ಕ್ಷಣದಲ್ಲಾದರೂ ತೆರೆಯಬಹುದಾದ್ದರಿಂದ ನಿಲ್ಲಿಸಿದ ವಾಹನಗಳಿಂದ ಒಂದು ಮೀಟರ್ ದೂರವಿರಬೇಕು. ನಗರ ಸಾರಿಗೆಯ ‘ಬೆಸ್ಟ್’ ಬಸ್ಸು ನಿಲ್ದಾಣಕ್ಕೆ ಎಡಕ್ಕೆ ಎಳೆಯುವಾಗ ಅದರ ಎಡಬದಿಗೆ ನುಗ್ಗದೆ ಹಿಂದೆಯೇ ಕಾಯಬೇಕು. ಪೇವರ್ ಬ್ಲಾಕಿನ ಸಂದು, ಚರಂಡಿಯ ಕಬ್ಬಿಣದ ಜಾಲರಿ ಮತ್ತು ಮೇಲ್ಸೇತುವೆಯ ಉಕ್ಕಿನ ಜೋಡಣೆಗಳನ್ನು ನೇರವಾಗಿ ದಾಟಬೇಕೇ ಹೊರತು ಓರೆಯಾಗಿ ಅಲ್ಲ. ಮಳೆ ಬಿದ್ದ ದಿನ ಅವು ಎಣ್ಣೆ ಸವರಿದಂತೆ ಜಾರುತ್ತವೆ. ಹೆಲ್ಮೆಟ್ ಮತ್ತು ಹಿಂದಿನ ಕೆಂಪು ದೀಪ ಇಲ್ಲದವರನ್ನು ನಾವು ಹೊರಡಗೊಡುವುದಿಲ್ಲ, ಎಷ್ಟೇ ಆಪ್ತರಾದರೂ. ತುರ್ತಿಗೆ 112, ಆಂಬುಲೆನ್ಸಿಗೆ 108 ಎಂಬ ಎರಡು ಸಂಖ್ಯೆಗಳ ಜೊತೆಗೆ ಪ್ರತಿಯೊಬ್ಬರ ಮನೆಯವರ ಒಂದು ಸಂಖ್ಯೆಯೂ ಮುಂದಿನವರ ಮತ್ತು ಹಿಂದಿನವರ ಫೋನಿನಲ್ಲಿರಲಿ.

ನೀರಿನ ವಿಷಯದಲ್ಲಿ ಊರಿನ ಅಂದಾಜು ಇಲ್ಲಿ ನಡೆಯದು. ಕಡಲ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಆದ್ದರಿಂದ ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ನೀರನ್ನು ಬಾಯಾರುವ ಮೊದಲೇ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು, ಒಂದು ಬಾಟಲಿಗೆ ಚಿಟಿಕೆ ಉಪ್ಪು, ನಿಂಬೆ, ಸಕ್ಕರೆ ಬೆರೆಸಿಟ್ಟುಕೊಳ್ಳಬೇಕು.

ಇನ್ನು ಕಾಫಿ. ಇದನ್ನು ಸವಾರಿಯ ನಡುವಿನ ಅಲಂಕಾರವೆಂದು ತಿಳಿಯಬಾರದು. ತುಳಿಯುವಾಗ ಸಾಲಾಗಿ ಹೋಗುವವರಿಗೆ ಮಾತಾಡಲು ಬಿಡುವಿರುವುದಿಲ್ಲ, ಗೆಳೆತನ ಬೆಳೆಯುವುದು ಮೇಜಿನ ಸುತ್ತಲೇ. ಕಾಫಿಯ ತಾಣ, ಮನೆ ಬಿಟ್ಟು ಮತ್ತೆ ಮನೆ ಸೇರುವವರೆಗಿನ ಒಟ್ಟು ದಾರಿಯ ಮೂರನೆಯ ಎರಡು ಭಾಗ ಮುಗಿದ ಮೇಲೆ ಬರಬೇಕೆಂಬುದು ನನ್ನ ಅನುಭವ. ಅದಕ್ಕಿಂತ ಬೇಗ ಕುಳಿತರೆ ಮೈ ತಣ್ಣಗಾಗಿ ಉಳಿದ ದಾರಿ ಭಾರವೆನಿಸುತ್ತದೆ, ಮನೆಯ ಬಾಗಿಲಿಗೇ ಬಂದ ಮೇಲಾದರೆ ಅರ್ಧ ಜನ ಕೂರದೆ ಹೊರಟುಹೋಗುತ್ತಾರೆ. ಮುಲುಂಡ್‌ನವರಿಗೂ ಚೆಂಬೂರಿನವರಿಗೂ ಮಾಟುಂಗಾ ಸರಿಯಾಗಿ ಆ ಜಾಗದಲ್ಲಿ ಬರುತ್ತದೆ ಎಂಬುದು ನಮ್ಮ ಪುಣ್ಯ. 1940ರಿಂದ ಇರುವ ಕೆಫೆ ಮದ್ರಾಸ್, ನಿಲ್ದಾಣದ ಹತ್ತಿರದ ರಾಮ್ ಆಶ್ರಯ, ಶಾರದಾ ಭವನ ಇವೆಲ್ಲ ನಡೆದೇ ತಲುಪುವಷ್ಟು ಹತ್ತಿರದಲ್ಲಿವೆ. ಹುರಿದ ಕಾಫಿಬೀಜದ ಪರಿಮಳ ರಸ್ತೆಗೇ ಬರುವ ಮೈಸೂರು ಕನ್ಸರ್ನ್ಸ್‌ನಲ್ಲಿ ಮನೆಗೆ ಪುಡಿಯನ್ನೂ ಕೊಳ್ಳಬಹುದು. ಊರು ಬಿಟ್ಟು ಬಂದು ಈ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಎಷ್ಟೋ ಕನ್ನಡಿಗರ ಬೆವರು ಈ ಬೀದಿಗಳಲ್ಲಿದೆ. ನಮ್ಮ ಗುಂಪಿನ ಹಿರಿಯರು ಲೋಟದಿಂದ ಬಟ್ಟಲಿಗೆ ಕಾಫಿ ಎತ್ತಿ ಸುರಿಯುತ್ತಾ ಹೇಳುವ ಕಥೆಗಳಿಗಾಗಿಯೇ ಇಪ್ಪತ್ತೆರಡರ ಹುಡುಗಿ ಪ್ರತಿವಾರ ಏಳುತ್ತಾಳೆಂದು ನನಗೆ ಗೊತ್ತು.

ಹೋಟೆಲಿನಲ್ಲಿ ನಡೆದುಕೊಳ್ಳುವ ರೀತಿಯೂ ಸವಾರಿಯ ಭಾಗವೇ. ಭಾನುವಾರ ಬೆಳಗ್ಗೆ ಇಲ್ಲಿ ಹೊರಗೆ ಸರತಿ ಇರುತ್ತದೆ. ಹತ್ತು ಮಂದಿ ಒಂದೇ ಮೇಜಿಗೆ ಹಟ ಹಿಡಿಯದೆ ನಾಲ್ವರು, ಮೂವರು, ಮೂವರಾಗಿ ಹಂಚಿಕೊಂಡರೆ ಬೇಗ ಜಾಗ ಸಿಗುತ್ತದೆ, ಕಾಯುವ ಕುಟುಂಬಗಳಿಗೂ ತೊಂದರೆಯಾಗುವುದಿಲ್ಲ. ತಿಂದು ಕುಡಿದ ಮೇಲೆ ಎದ್ದುಬಿಡಬೇಕು, ಉಳಿದ ಹರಟೆಗೆ ಉದ್ಯಾನದ ಕಟ್ಟೆಯಿದೆ. ಸೈಕಲ್ಲುಗಳನ್ನು ಹೂವಿನ ಅಂಗಡಿಗಳ ಮುಂದೆಯಾಗಲಿ ಕಾಲುದಾರಿಗೆ ಅಡ್ಡವಾಗಲಿ ನಿಲ್ಲಿಸಕೂಡದು. ಎರಡು ಉದ್ದನೆಯ ಕೇಬಲ್ ಬೀಗಗಳನ್ನು ಎಲ್ಲ ಸೈಕಲ್ಲುಗಳ ಚೌಕಟ್ಟಿನೊಳಗಿಂದ ಹಾಯಿಸಿ ಕಟ್ಟಿ, ಸರದಿಯ ಮೇಲೆ ಒಬ್ಬರು ಹೊರಗಿರುವುದು ಕ್ಷೇಮ. ಇನ್ನೂ ಹದಿನೈದು ಇಪ್ಪತ್ತು ಕಿಲೋಮೀಟರ್ ತುಳಿಯಬೇಕಾದವರು ಇಡ್ಲಿ ಮತ್ತು ಕಾಫಿಗೆ ನಿಲ್ಲಿಸಿ, ಕರಿದ ವಡೆಯನ್ನೂ ತುಪ್ಪದ ದೋಸೆಯನ್ನೂ ಹತ್ತಿರದ ಮನೆಯವರಿಗೆ ಬಿಡಲಿ. ಬಿಲ್ಲನ್ನು ಸಮನಾಗಿ ಹಂಚುವ ಪದ್ಧತಿಯನ್ನು ನಾವು ಕೈಬಿಟ್ಟೆವು. ಬರೀ ಕಾಫಿ ಕುಡಿಯುವ ವಿದ್ಯಾರ್ಥಿಗೆ ಅದು ಹೊರೆ, ಅದನ್ನು ಬಾಯಿಬಿಟ್ಟು ಹೇಳುವುದು ಇನ್ನೂ ದೊಡ್ಡ ಹೊರೆ.

ವರ್ಷಕ್ಕೊಮ್ಮೆ ದೇಣಿಗೆಗಾಗಿ ಸವಾರಿ ಮಾಡಬೇಕೆಂಬ ಆಸೆ ಇಂಥ ಗುಂಪುಗಳಲ್ಲಿ ತಾನಾಗಿ ಹುಟ್ಟುತ್ತದೆ. ದಿನವನ್ನು ನೋಡಿ ಆರಿಸಬೇಕು. ವಿಶ್ವ ಬೈಸಿಕಲ್ ದಿನವಾದ ಜೂನ್ 3 ಆಕರ್ಷಕವಾಗಿ ಕಂಡರೂ ಮುಂಬಯಿಯಲ್ಲಿ ಅದು ಸೆಕೆಯ ತುದಿ, ಮಳೆಯ ಬಾಗಿಲು. ಸೆಪ್ಟೆಂಬರ್‌ವರೆಗೆ ಹಿಂದ್‌ಮಾತಾದಂಥ ತಗ್ಗುಗಳಲ್ಲಿ ಯಾವಾಗ ನೀರು ನಿಲ್ಲುತ್ತದೆಂದು ಹೇಳಲಾಗದು. ಜನವರಿಯ ಮೂರನೆಯ ಭಾನುವಾರ ಮುಂಬಯಿ ಮ್ಯಾರಥಾನ್‌ಗಾಗಿ ನಮ್ಮ ದಾರಿಯ ಬಹುಭಾಗ ಮುಚ್ಚಿರುತ್ತದೆ. ನನ್ನ ಮಟ್ಟಿಗೆ ಕನ್ನಡ ರಾಜ್ಯೋತ್ಸವದ ನಂತರ ಬರುವ ನವೆಂಬರಿನ ಎರಡನೆಯ ಅಥವಾ ಮೂರನೆಯ ಭಾನುವಾರ ಸೂಕ್ತ. ಚಳಿಗಾಲದ ಮಬ್ಬು ದಟ್ಟವಾಗಿರುವ ದಿನಗಳಲ್ಲಿ ಮಾತ್ರ ಹಿಂದಿನ ರಾತ್ರಿಯೇ ಗಾಳಿಯ ಗುಣಮಟ್ಟ ನೋಡಿ, ಉಬ್ಬಸವಿರುವವರನ್ನು ಬರಬೇಡಿರೆಂದು ಪ್ರೀತಿಯಿಂದ ತಡೆಯಬೇಕು.

ಹಣ ಯಾರಿಗೆ ಎಂಬುದು ಒಂದೇ ವಾಕ್ಯದಲ್ಲಿ ಹೇಳುವಷ್ಟು ಸ್ಪಷ್ಟವಾಗಿರಲಿ. ‘ಬಡವರ ಸಹಾಯಾರ್ಥ’ ಎಂದರೆ ಯಾರೂ ಕೊಡುವುದಿಲ್ಲ, ಕೊಟ್ಟವರಿಗೂ ನೆನಪಿರುವುದಿಲ್ಲ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಅಂಥ ಒಂದು ಶಾಲೆಯ ಮಕ್ಕಳಿಗೆ ಕನ್ನಡ ಪುಸ್ತಕಗಳ ಕಪಾಟು ಎನ್ನಬಹುದು. ನಮ್ಮ ದಾರಿಯಲ್ಲೇ ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯಿದೆ. ಚಿಕಿತ್ಸೆಗೆಂದು ಪರ ಊರುಗಳಿಂದ ಬಂದವರ ವಸತಿ ಮತ್ತು ಊಟ ನೋಡಿಕೊಳ್ಳುವ ಟ್ರಸ್ಟೊಂದಕ್ಕೆ ಎನ್ನಬಹುದು. ಶಾಲೆಗಾದರೆ ಮುಖ್ಯೋಪಾಧ್ಯಾಯರನ್ನು ಮೊದಲೇ ಕಂಡು ಅಲ್ಲಿ ನಿಜವಾಗಿ ಬೇಕಾದದ್ದು ಕಪಾಟೋ ಫ್ಯಾನೋ ಎಂದು ಕೇಳಿ ತಿಳಿಯಬೇಕು.

ಸಂಗ್ರಹದ ಕ್ರಮ ಸರಳವಾಗಿದ್ದಷ್ಟೂ ಒಳ್ಳೆಯದು. ಪ್ರತಿ ಸವಾರರೂ ಐವರು ಪರಿಚಿತರಿಂದ ಕಿಲೋಮೀಟರಿಗೆ ಹತ್ತು ರೂಪಾಯಿಯ ಮಾತು ಪಡೆಯಲಿ. ಮೂವತ್ತು ಕಿಲೋಮೀಟರಿಗೆ ಒಬ್ಬ ದಾನಿಯಿಂದ ₹300, ಹತ್ತು ಸವಾರರಿಂದ ₹15,000 ಆಗುತ್ತದೆ. ಒಬ್ಬರು ಏರಿನಲ್ಲಿ ದಣಿದು ಹತ್ತೊಂಬತ್ತನೆಯ ಕಿಲೋಮೀಟರಿಗೇ ನಿಂತರೂ ಅವರ ಲೆಕ್ಕವನ್ನು ಪೂರ್ತಿಯಾಗಿಯೇ ಹಿಡಿಯುವುದೆಂದು ದಾನಿಗಳಿಗೆ ಮೊದಲೇ ತಿಳಿಸಿರಬೇಕು, ಇಲ್ಲವಾದರೆ ನಿಧಾನ ತುಳಿಯುವವರು ದೇಣಿಗೆಯ ಹೆಸರಿನಲ್ಲಿ ಮೈಮೀರಿ ತುಳಿದು ಅಸ್ವಸ್ಥರಾಗುತ್ತಾರೆ. ಟೀ ಶರ್ಟು, ಪದಕ, ಬ್ಯಾನರುಗಳ ಖರ್ಚನ್ನು ಸವಾರರೇ ಹಾಕಿಕೊಳ್ಳಬೇಕು ಅಥವಾ ಅವನ್ನು ಬಿಟ್ಟೇಬಿಡಬೇಕು. ದೇಣಿಗೆಯ ಒಂದು ರೂಪಾಯಿಯೂ ಅದಕ್ಕೆ ಹೋಗಬಾರದು ಎಂಬುದರಲ್ಲಿ ನಾನು ರಾಜಿಯಾಗಲಾರೆ.

ಹಣ ಯಾರೊಬ್ಬರ ಸ್ವಂತ ಖಾತೆಗೂ ಬರಬಾರದು. ಮೊದಲ ವರ್ಷ ನಾವು ಹಾಗೆ ಮಾಡಿ, ಪೂರ್ಣ ಪ್ರಾಮಾಣಿಕನಾಗಿದ್ದ ಗೆಳೆಯನೊಬ್ಬ ಎರಡು ತಿಂಗಳು ಲೆಕ್ಕ ಒಪ್ಪಿಸುತ್ತಾ ನೊಂದುಕೊಂಡ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆಯಡಿ ನೋಂದಾಯಿತ ಸಂಸ್ಥೆಯನ್ನೇ ಆರಿಸಿ, ದಾನಿಗಳು ನೇರವಾಗಿ ಅದರ ಬ್ಯಾಂಕ್ ಖಾತೆಗೆ ಕಳುಹಿಸುವಂತೆ ಮಾಡಿದರೆ ನಡುವೆ ನಾವು ಯಾರೂ ಇರುವುದಿಲ್ಲ. 80ಜಿ ಎಂದು ಜನ ಕರೆಯುವ ತೆರಿಗೆ ರಿಯಾಯಿತಿ ಬೇಕಾದವರು ತಮ್ಮ ಪ್ಯಾನ್ ಸಂಖ್ಯೆಯನ್ನು ಸಂಸ್ಥೆಗೆ ಕೊಡಬೇಕು. ₹2,000 ಮೀರಿದ ನಗದಿಗೆ ಆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಇಲ್ಲ. ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ಭಾರತೀಯ ಪಾಸ್‌ಪೋರ್ಟಿನ ನೆಂಟರು ಕೊಡಬಹುದು, ಆದರೆ ವಿದೇಶಿ ಪೌರತ್ವ ಪಡೆದವರಿಂದ ಸ್ವೀಕರಿಸಲು ಸಂಸ್ಥೆಗೆ ವಿದೇಶಿ ದೇಣಿಗೆಯ ಪ್ರತ್ಯೇಕ ನೋಂದಣಿ ಇರಬೇಕು. ಹತ್ತಾರು ಗೆಳೆಯರು ನಿಯಮ ಪಾಲಿಸಿ ಸಾಲಾಗಿ ಹೋಗುವುದು ಬೇರೆ. ಐವತ್ತು ಜನ, ಬಾವುಟ, ಧ್ವನಿವರ್ಧಕ ಎಂದಾದರೆ ಪೊಲೀಸ್ ಠಾಣೆಗೂ ಸಂಚಾರ ವಿಭಾಗಕ್ಕೂ ಕೆಲವು ವಾರ ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆಯಬೇಕು.

ಸವಾರಿ ಮುಗಿದ ಒಂದು ವಾರದೊಳಗೆ, ಎಷ್ಟು ಜನ ಕೊಟ್ಟರು, ಒಟ್ಟು ಎಷ್ಟಾಯಿತು, ಅದರಿಂದ ಏನು ಬಂದಿತು ಎಂಬುದನ್ನು ಸಂಸ್ಥೆಯ ರಸೀದಿಯೊಡನೆ ಪ್ರತಿ ದಾನಿಗೂ ಕಳುಹಿಸಬೇಕು. ಮಕ್ಕಳ ಚಿತ್ರಗಳನ್ನು ಹಂಚಬಾರದು, ಕಪಾಟಿನ ಚಿತ್ರ ಸಾಕು. ಆ ಸಂದೇಶವನ್ನು ಬರೆಯುವ ಕೆಲಸವನ್ನು ನಮ್ಮಲ್ಲಿ ಆ ದಿನ ಎಲ್ಲರಿಗಿಂತ ಕೊನೆಗೆ ಕಿಂಗ್ಸ್ ಸರ್ಕಲ್ ತಲುಪಿದವರಿಗೆ ವಹಿಸುತ್ತೇವೆ, ಅವರ ಕಾಫಿಯನ್ನು ಉಳಿದವರು ಕೊಡಿಸುತ್ತೇವೆ.